ಕೈಗೆ ಕಿಮ್ಮತ್ತು ಕೇಳಿದ ಚಿತ್ರಗಾರ

ಬೆಳಿಗ್ಗೆ ಬಾಗಿಲು ತೆಗೆದು, ಕಸ ಹೊಡೆದು, ಕ್ಯಾಲೆಂಡರಿನ ಲಕ್ಷ್ಮಿಗೆ ಊದಿನಕಡ್ಡಿ ಬೆಳಗಿ ಆಮೇಲೆ ಗಲ್ಲಾ ಮುಟ್ಟುವ ಅಂಗಡಿಕಾರರು ನಮ್ಮ ಯಲಬುರ್ಗಾ ಬಜಾರದಲ್ಲಿ ಎಷ್ಟು ಮಂದಿ ಇಲ್ಲ? ಆ ಲಕ್ಷ್ಮಿಯ ಕೆಳಗೆ ಕಿರಾಣಿ ಅಂಗಡಿ ಹೆಸರು ಇರುತ್ತದೆ, ಫೋನ್ ನಂಬರ್ ಇರುತ್ತದೆ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಇರುತ್ತದೆ. ಲಕ್ಷ್ಮಿಯ ಮೂಗು, ಕಣ್ಣು, ಸೀರೆ ನೆರಿಗೆ ಬರೆದವನ ಹೆಸರು? ಅದನ್ನು ಹುಡುಕಬೇಕಾದರೆ ದುರ್ಬೀನು ಬೇಕು.

ಕಲಬುರಗಿಯ ಎಸ್.ಎಂ. ಪಂಡಿತರಂಥವರ ಹೆಸರಾದರೂ ಸ್ವಲ್ಪ ಉಳಿಯಿತು. 1916ರಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಸಿನೆಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶಕ್ಕೇ ದೇವರ ಮುಖ ತೋರಿಸಿದ ಮನುಷ್ಯ. 1993ರಲ್ಲಿ ತೀರಿಕೊಂಡರು. ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವೇ ಇದೆ. ಆದರೆ ಇವತ್ತಿನ ಮಾತು ಪಂಡಿತರದಲ್ಲ. ಅವರಿಗಿಂತ ಮೂವತ್ತು ವರ್ಷ ಮೊದಲು ಮೈಸೂರಿನಲ್ಲಿ ಹುಟ್ಟಿದ ಒಬ್ಬರದು. ಚಿತ್ರ ಬರೆದರು, ಪುಸ್ತಕಕ್ಕೆ ಚಿತ್ರ ಮಾಡಿದರು, ಗಾರೆಯಲ್ಲಿ ಮೂರ್ತಿ ಎಬ್ಬಿಸಿದರು, ಸಾಲದೆಂಬಂತೆ ವೀಣೆಯನ್ನೂ ಬಾರಿಸಿದರು. ಹೆಸರು ಕೆ. ವೆಂಕಟಪ್ಪ. ಜಾತಿ ಕಸುಬಿನಿಂದ ಚಿತ್ರಗಾರ.

ಮೈಸೂರಿನವನ ಕಥೆ ಯಲಬುರ್ಗಾದವರಿಗೆ ಯಾಕಪಾ ಎಂದು ಕೇಳಬಹುದು. ಅದಕ್ಕೆ ಉತ್ತರ ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಕಿನ್ನಾಳದಲ್ಲಿದೆ.

ಕಿನ್ನಾಳದ ಓಣಿಯಿಂದ

ಕಿನ್ನಾಳದ ಗೊಂಬೆ ನಮ್ಮ ಭಾಗದವರಿಗೆ ಹೊಸದಲ್ಲ. ಗೌರಿ, ಗರುಡ, ದೇವರ ವಾಹನ, ಚೌಕಿ, ತೊಟ್ಟಿಲು ಎಲ್ಲ ಅಲ್ಲಿನ ಚಿತ್ರಗಾರರ ಕೈಯವು. ಇವರ ಹಿರಿಯರು ವಿಜಯನಗರದ ಕಾಲದಲ್ಲಿ ಹಂಪಿಯಲ್ಲಿ ಕೆಲಸ ಮಾಡಿದವರು, ವಿರೂಪಾಕ್ಷ ಗುಡಿಯ ಮಂಟಪದ ಮಾಳಿಗೆಯ ಚಿತ್ರಗಳು ಇದೇ ಕುಲದವರ ಕೈಚಳಕ ಎಂದು ಹೇಳಿಕೊಂಡು ಬಂದಿದ್ದಾರೆ. 1565ರಲ್ಲಿ ರಕ್ಕಸಗಿ ತಂಗಡಗಿ ಕಾಳಗದಲ್ಲಿ ಸಾಮ್ರಾಜ್ಯವೇ ಮುರಿದ ಮೇಲೆ ಚಿತ್ರಗಾರರು ದಿಕ್ಕಾಪಾಲಾದರು. ಕೆಲವರು ಇಲ್ಲೇ ತುಂಗಭದ್ರೆಯ ಮಗ್ಗುಲಲ್ಲಿ ಉಳಿದರು. ಕೆಲವರು ದಕ್ಷಿಣಕ್ಕೆ ಇಳಿದು ಶ್ರೀರಂಗಪಟ್ಟಣ, ಮೈಸೂರು ಸೇರಿ ಒಡೆಯರ ಆಸರೆಯಲ್ಲಿ ನಿಂತರು. ವೆಂಕಟಪ್ಪನವರ ಮನೆತನ ಆ ಮೈಸೂರು ಕಡೆಯ ಆಸ್ಥಾನ ಚಿತ್ರಗಾರರದು. ಒಂದೇ ಕಸುಬು. ಒಂದು ಟೊಂಗೆ ಅರಮನೆಗೆ ಹೋಯಿತು, ಒಂದು ಟೊಂಗೆ ಕಿನ್ನಾಳದ ಓಣಿಯಲ್ಲಿ ಉಳಿಯಿತು. ನಮ್ಮ ಕೊಪ್ಪಳ ಆಮೇಲೆ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು ಎನ್ನುವುದು ಹಳಬರಿಗೆ ಗೊತ್ತಿದ್ದದ್ದೇ.

ಚಿತ್ರಗಾರ ಎಂದರೆ ಬರೀ ಬಣ್ಣ ಬಳಿಯುವವ ಎಂದು ತಿಳಿದಿದ್ದರೆ ಒಮ್ಮೆ ಆ ಕೆಲಸ ನೋಡಬೇಕು. ಮೊದಲು ಪೊಳಕಿ ಎನ್ನುವ ಹಗುರ ಕಟ್ಟಿಗೆ. ಕೈ ಬ್ಯಾರೆ, ಕಾಲು ಬ್ಯಾರೆ, ಮುಖ ಬ್ಯಾರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಸಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಮತ್ತು ಅದೇ ಹುಣಸೆ ಅಂಟು ಕೂಡಿಸಿ ಕಲಸಿದರೆ ಅದಕ್ಕೆ ಕಿಟ್ಟ ಅಂತಾರೆ. ಸಂದು ಮುಚ್ಚೋದಕ್ಕೆ, ಮೈ ತುಂಬೋದಕ್ಕೆ ಅದೇ. ಅದರ ಮೇಲೆ ಅರಿವೆ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಡಬೇಕು. ಸರ, ಕಿರೀಟ, ಡಾಬು ಎಲ್ಲ ಆ ಲೇಪದಿಂದಲೇ ಉಬ್ಬಿಸಿ ಎಬ್ಬಿಸುತ್ತಾರೆ. ಹೊಳಪಿಗೆ ತವರದ ತಗಡು ಬಡಿದು ಪುಡಿ ಮಾಡಿ ಹಚ್ಚಿ ಉಜ್ಜುವ ವಿದ್ಯೆ ಉಂಟು, ಅದಕ್ಕೆ ಲಾಜವಾರ ಎಂದು ಹೆಸರು. ಇಷ್ಟಾದ ಮೇಲೆ ಬಣ್ಣ. ಕಡೆಗೆ ಕಣ್ಣು.

ಅಂದರೆ ಬಡಿಗತನ, ಶಿಲ್ಪ, ಚಿತ್ರ ಮೂರೂ ಒಬ್ಬನದೇ ಕೈ. ಪಟ್ಟಣದ ಕಾಲೇಜಿನಲ್ಲಿ ಪೇಂಟಿಂಗಿಗೆ ಒಂದು ಕೋಣೆ, ಸ್ಕಲ್ಪ್ಚರಿಗೆ ಇನ್ನೊಂದು ಕೋಣೆ. ಚಿತ್ರಗಾರರ ಮನೆಯಲ್ಲಿ ಎಲ್ಲಾ ಒಂದೇ ಪಡಸಾಲೆ. ವೆಂಕಟಪ್ಪ ಮುಂದೆ ಚಿತ್ರಕ್ಕೂ ಗಾರೆಗೂ ಸಲೀಸಾಗಿ ಕೈ ಹಾಕಿದರು ಎಂದು ಓದಿದವರು ಅಚ್ಚರಿಪಡುತ್ತಾರೆ. ಕಿನ್ನಾಳ ಕಂಡವರಿಗೆ ಅಚ್ಚರಿ ಆಗುವುದಿಲ್ಲ.

ಮೈಸೂರಿನಿಂದ ಕಲ್ಕತ್ತೆ

ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ. ಮೈಸೂರಿನ ಹಳೇ ಅರಮನೆ 1897ರಲ್ಲಿ ಸುಟ್ಟು ಹೋಯಿತು, ಹೊಸದು ಮುಗಿದದ್ದು 1912ರಲ್ಲಿ. ನಡುವಿನ ವರ್ಷಗಳಲ್ಲಿ ಊರಿನ ಬಡಿಗರು, ಶಿಲ್ಪಿಗಳು, ಚಿತ್ರಗಾರರಿಗೆ ಕೈತುಂಬ ಕೆಲಸ. ಹುಡುಗ ವೆಂಕಟಪ್ಪನ ಕೈ ನಾಲ್ವಡಿ ಕೃಷ್ಣರಾಜ ಒಡೆಯರ ಕಣ್ಣಿಗೆ ಬಿತ್ತು. ಓದಿಸುವ ವ್ಯವಸ್ಥೆಯಾಯಿತು. ಮದ್ರಾಸಿನ ಕಲಾಶಾಲೆಯಲ್ಲಿ ಸ್ವಲ್ಪ ಕಾಲ, ಆಮೇಲೆ 1909ರಲ್ಲಿ ಸೀದಾ ಕಲ್ಕತ್ತೆಯ ಸರಕಾರಿ ಕಲಾಶಾಲೆಗೆ. ಖರ್ಚು ಮೈಸೂರು ಸಂಸ್ಥಾನದ್ದು.

ಕಲ್ಕತ್ತೆಯಲ್ಲಿ ಗುರು ಸಿಕ್ಕಿದ್ದು ಅವನೀಂದ್ರನಾಥ ಠಾಕೂರರು, ಕವಿ ರವೀಂದ್ರರ ಅಣ್ಣನ ಮಗ. ಇಂಗ್ಲಿಷರ ತೈಲಚಿತ್ರದ ಗುಂಗು ಬಿಟ್ಟು ಅಜಂತಾ, ಮೊಗಲ್, ರಜಪೂತ ಚಿತ್ರಗಳ ದಾರಿ ಹಿಡಿಯಬೇಕೆಂದು ಹಟ ಹಿಡಿದವರು. ಜಪಾನಿನ ಕಲಾವಿದರನ್ನು ನೋಡಿ, ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ ತೆಳು ಬಣ್ಣ ಪದರು ಪದರಾಗಿ ಏರಿಸುವ ಪದ್ಧತಿ ತಂದವರು. ಸಂಗಡ ಕಲಿತವರು ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರರಂಥವರು. ನಂದಲಾಲರೆಂದರೆ ಮುಂದೆ ನಮ್ಮ ಸಂವಿಧಾನದ ಮೂಲ ಹಸ್ತಪ್ರತಿಗೆ ಚಿತ್ರಾಲಂಕಾರ ಮಾಡಿದವರು. ಅವರ ಪಕ್ಕದ ಮಣೆಯಲ್ಲಿ ಕೂತವರು ನಮ್ಮ ಕನ್ನಡದ ಚಿತ್ರಗಾರ.

ಬಂಗಾಲಿ ಹುಡುಗರು ದೊಡ್ಡ ಮನೆಯವರು, ಮಾತುಬಲ್ಲವರು. ನಮ್ಮವರಿಗೆ ಬಂಗಾಲಿ ಇಲ್ಲ. ಆದರೆ ಕೈ ಮಾತಾಡುತ್ತಿತ್ತು. ಗೆರೆ ಎಳೆದರೆ ಕೂದಲೆಳೆ. ಗುರುಗಳಿಗೆ ನೀರು ನೀರಾದ ಮಬ್ಬು ಇಷ್ಟ, ವೆಂಕಟಪ್ಪನವರಿಗೆ ಅಂಚು ಸ್ಪಷ್ಟ ಇರಬೇಕು. ಅಜ್ಜ ಮುತ್ತಜ್ಜರಿಂದ ಬಂದ ಅಭ್ಯಾಸ ಏಳು ವರ್ಷದ ಕಲ್ಕತ್ತೆಗೂ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೇದಾಯಿತು ಎಂದು ನನ್ನ ಅಭಿಪ್ರಾಯ.

1910-11ರ ಹೊತ್ತಿಗೆ ಲೇಡಿ ಹೆರಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಹೆಣ್ಣುಮಗಳು ಅಜಂತಾ ಗವಿಯ ಚಿತ್ರಗಳನ್ನು ನಕಲು ಮಾಡಿಸುತ್ತಿದ್ದರು. ಕ್ಯಾಮರಾಕ್ಕೆ ಆ ಕತ್ತಲೆಯ ಬಣ್ಣ ಸಿಗುವ ಕಾಲವಲ್ಲ. ಕಲ್ಕತ್ತೆಯಿಂದ ಹೋದ ಹುಡುಗರಲ್ಲಿ ವೆಂಕಟಪ್ಪನೂ ಒಬ್ಬರು. ಅಜಂತಾ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದು, ನಮ್ಮ ಯಲಬುರ್ಗಾದ ಹಾಗೆಯೇ. ಆ ಗವಿಯ ಗೋಡೆಯ ಎದುರು ಕೂತು ಕೈ ಪಳಗಿಸಿಕೊಂಡ ಲಾಭ ಸಣ್ಣದಲ್ಲ.

ಕಪಿಸೈನ್ಯಕ್ಕೆ ಬಣ್ಣ ಕೊಟ್ಟವರು

ವಿದ್ಯಾರ್ಥಿಯಾಗಿರುವಾಗಲೇ ಅವರ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದವು. ಸೋದರಿ ನಿವೇದಿತಾ ಹಿಂದೂ ಬೌದ್ಧ ಪುರಾಣಕಥೆಗಳ ಒಂದು ಇಂಗ್ಲಿಷ್ ಪುಸ್ತಕ ಬರೆಯಲು ಹಿಡಿದಿದ್ದರು. 1911ರಲ್ಲಿ ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಅದನ್ನು ಪೂರ್ತಿ ಮಾಡಿದರು. ಪುಸ್ತಕ 1913ರಲ್ಲಿ ಹೊರಬಂತು. ಅವನೀಂದ್ರರ ಉಸ್ತುವಾರಿಯಲ್ಲಿ 32 ಬಣ್ಣದ ಚಿತ್ರಗಳು. ರಾಮಾಯಣದ ಭಾಗಕ್ಕೆ ಚಿತ್ರ ಬರೆಯುವ ಕೆಲಸದಲ್ಲಿ ವೆಂಕಟಪ್ಪನವರ ಪಾಲು ದೊಡ್ಡದು. ಕಪಿಗಳು ಕಲ್ಲು ಹೊತ್ತು ಸೇತುವೆ ಕಟ್ಟುವ ಚಿತ್ರ ಅವರದೇ.

ಇಲ್ಲಿ ಒಂದು ಮಾತು. ಆ ಕಪಿಸೈನ್ಯ ಎಲ್ಲಿಯದ್ರೀ? ಕಿಷ್ಕಿಂಧೆ ಎಂದು ಮಂದಿ ಕೈ ತೋರಿಸುವುದು ನಮ್ಮ ಗಂಗಾವತಿ ತಾಲೂಕಿನ ಆನೆಗೊಂದಿ ಸೀಮೆಗೆ. ಅಂಜನಾದ್ರಿ ಅಲ್ಲೇ, ಪಂಪಾ ಸರೋವರ ಅಲ್ಲೇ. ಮೈಸೂರಿನ ಚಿತ್ರಗಾರ, ಕಲ್ಕತ್ತೆಯಲ್ಲಿ ಕೂತು, ಕೊಪ್ಪಳ ಜಿಲ್ಲೆಯ ಮಂಗಗಳನ್ನು ಬರೆದು, ಲಂಡನ್ನಿನಲ್ಲಿ ಅಚ್ಚು ಮಾಡಿಸಿದರು ಎಂದರೆ ತಕರಾರು ತೆಗೆಯುವವರು ಯಾರು!

1914ರಲ್ಲಿ ಗುರುಗಳು ಭಾರತೀಯ ಚಿತ್ರದ ಅಂಗಲಕ್ಷಣದ ಬಗ್ಗೆ ಸಣ್ಣ ಪುಸ್ತಕ ತಂದರು. ಕಣ್ಣು ಮೀನಿನಂತೆ, ನಡು ಡಮರುವಿನಂತೆ, ತೋಳು ಆನೆಯ ಸೊಂಡಿಲಿನಂತೆ, ಮುಖದ ಅಳತೆಗೆ ಮೈ ಎಷ್ಟು ಪಾಲು ಎನ್ನುವ ತಾಳಮಾನದ ಲೆಕ್ಕ. ಅದಕ್ಕೆ ರೇಖಾಚಿತ್ರ ಬರೆದವರು ನಂದಲಾಲ ಮತ್ತು ವೆಂಕಟಪ್ಪ. ಸಾಹೇಬರ ಕಲಾಶಾಲೆಯಲ್ಲಿ ಅದು ಹೊಸ ಶಾಸ್ತ್ರ. ಚಿತ್ರಗಾರರ ಮನೆಯಲ್ಲಿ ಹುಡುಗರು ಗೇಣು ಬೆರಳಿನ ಅಳತೆಯಿಂದ ಕಲಿಯುವ ನಿತ್ಯದ ಪಾಠ. ಪಿಯುಸಿ ಅರ್ಧಕ್ಕೆ ಬಿಟ್ಟ ನಮ್ಮಂಥವರಿಗೆ ಇದನ್ನು ಓದಿ ಸ್ವಲ್ಪ ಧೈರ್ಯ ಬರುತ್ತದೆ. ಮನೆಯಲ್ಲಿ ಕಲಿತದ್ದೂ ವಿದ್ಯೆಯೇ!

ವೀಣೆ, ಗಾರೆ, ಊಟಿ

1916ರಲ್ಲಿ ಊರಿಗೆ ಬಂದರು. ಬಂದವರು ದೊಡ್ಡ ಹುದ್ದೆ ಹಿಡಿದು ಕೂಡಲಿಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿಯಲು ಹೊರಟರು. ಅದೂ ತಮಾಷೆಗಲ್ಲ, ವರ್ಷಾನುಗಟ್ಟಲೆ, ಚಿತ್ರ ಬಿಟ್ಟು ಹೋದಾರು ಎಂದು ಬೇಕಾದವರು ಚಿಂತೆ ಮಾಡುವಷ್ಟು. ವೀಣೆಯ ಹುಚ್ಚು ಹಿಡಿದ ತಮ್ಮ ಅವಸ್ಥೆಯ ಬಗ್ಗೆ ತಾವೇ ಒಂದು ಚಿತ್ರ ಬರೆದರು. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ದಂತದ ಮೇಲೆ ಅಂಗೈ ಅಗಲದ ಭಾವಚಿತ್ರ ಬರೆಯುತ್ತಿದ್ದರು. ಅದರಲ್ಲಿ ಒಂದು ತಪ್ಪು ಚುಕ್ಕೆ ಬಿದ್ದರೆ ಇಡೀ ಕೆಲಸ ಹಾಳು. ಇನ್ನೊಂದು ಕಡೆ ಊಟಿ, ಕೊಡೈಕೆನಾಲಿಗೆ ಹೋಗಿ ಬೆಟ್ಟ, ಕೆರೆ, ಮಂಜು, ಬೆಳದಿಂಗಳು ಬರೆದರು. ಊಟಿಯ ಚಿತ್ರಗಳು 1920ರ ದಶಕದವು, ಕೊಡೈಕೆನಾಲಿನವು 1930ರ ದಶಕದವು. ದೇವರೂ ಇಲ್ಲ, ರಾಜನೂ ಇಲ್ಲ, ಬರೀ ಗುಡ್ಡದ ಮೇಲಿನ ಬೆಳಕು. ಜಲವರ್ಣದಲ್ಲಿ ತಪ್ಪಾದರೆ ಒರೆಸಿ ತಿದ್ದುವ ಅನುಕೂಲ ಕಡಿಮೆ, ಎಣ್ಣೆ ಬಣ್ಣದಂತೆ ಮೇಲೆ ಬಳಿದು ಮುಚ್ಚಲು ಬರುವುದಿಲ್ಲ. ಕಾಗದ ಒಣಗುವುದರೊಳಗೆ ಮಂಜು ಕೂಡಬೇಕು. ಬೆಟ್ಟದ ಮೇಲೆ ಮುಂಜಾವಿನ ಬಣ್ಣ ನಿಲ್ಲುವುದು ಎಷ್ಟು ಹೊತ್ತು? ಇವತ್ತು ಬಿಟ್ಟರೆ ನಾಳೆ ಮತ್ತೆ ಹೋಗಬೇಕು.

ಅರಮನೆಗಾಗಿ ಮಾಡಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಉಬ್ಬುಶಿಲ್ಪ. ಈ ಗಾರೆಯ ಗುಣ ನಮ್ಮ ಮೇಸ್ತ್ರಿಗಳಿಗೆ ಗೊತ್ತು. ಜಿಪ್ಸಮ್ ಕಲ್ಲು ಸುಟ್ಟು ನೀರಿನಂಶ ತೆಗೆದ ಪುಡಿ. ಮತ್ತೆ ನೀರು ಕೂಡಿಸಿದರೆ ಹತ್ತು ಹದಿನೈದು ನಿಮಿಷಕ್ಕೆ ಬಿಗಿಯುತ್ತದೆ. ಇದೇ ವಸ್ತುವನ್ನು ಈಗ ಮನೆ ಮಾಳಿಗೆಗೆ ಪಿಒಪಿ ಎಂದು ಹೊಡೆಸುತ್ತೇವೆ. ಶಕುಂತಲೆಯ ಬೀಳ್ಕೊಡುಗೆ, ಶಿವನ ತಾಂಡವದಂಥ ವಿಷಯಗಳನ್ನು ಈ ಬಿಳಿ ಗಾರೆಯಲ್ಲಿ ವೆಂಕಟಪ್ಪ ಎಬ್ಬಿಸಿದರು. ಹಲಗೆಯಿಂದ ಬೆರಳೆರಡು ಬೆರಳು ಮಾತ್ರ ಮೇಲೆದ್ದ ಮೈಗೆ ಆಳ ತೋರಿಸುವುದು ಕಷ್ಟದ ವಿದ್ಯೆ. ಬಣ್ಣದ ಹಂಗಿಲ್ಲ, ನೆರಳು ಬೆಳಕೇ ಎಲ್ಲ. ಕಿಟ್ಟದಿಂದ ಕಿರೀಟ ಎಬ್ಬಿಸುವ ಕಿನ್ನಾಳದ ಕೈಗೂ ಇದಕ್ಕೂ ನಂಟು ಕಾಣದವನ ಕಣ್ಣಿಗೆ ಏನೋ ಆಗಿದೆ.

ರೊಕ್ಕದ ಮಾತು

ಈಗ ನಿಜವಾದ ಕಥೆಗೆ ಬರೋಣ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅವರು ಇರುವ ತನಕ ರಾಜ, ಚಿತ್ರಗಾರ ಇಬ್ಬರ ನಡುವೆ ನಡೆದ ವ್ಯವಹಾರ ಆಮೇಲೆ ಕಚೇರಿ, ಕಡತ, ಕಾರಕೂನರ ಕೈಗೆ ಹೋಯಿತು. ಅರಮನೆಯ ಕೆಲಸ ನಿಂತಿತು. ಮಾಡಿದ ಕೆಲಸದ ಹಣದ ಬಗ್ಗೆ ತಕರಾರು ಎದ್ದಿತು. ವೆಂಕಟಪ್ಪ ಕೈ ಕಟ್ಟಿ ನಿಲ್ಲಲಿಲ್ಲ. ಅರಮನೆಯ ವಿರುದ್ಧ ಕೋರ್ಟಿಗೆ ಹೋದರು.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ತಲೆತಲಾಂತರದಿಂದ ಅರಮನೆಯ ಅನ್ನ ಉಂಡ ಕುಲ. ದೊರೆ ಕೊಟ್ಟದ್ದೇ ಪ್ರಸಾದ ಎಂದು ಕಣ್ಣಿಗೊತ್ತಿಕೊಂಡ ಹಿರಿಯರು. ಅಂಥ ಮನೆಯ ಮಗ, ರಾಜರು ಇನ್ನೂ ಗದ್ದುಗೆ ಮೇಲೆ ಇದ್ದ ಕಾಲದಲ್ಲಿ, ನನ್ನ ಕೆಲಸದ ಹಣ ಕೊಡಿ ಎಂದು ಕಟಕಟೆ ಹತ್ತುವುದು ಸಾಮಾನ್ಯ ಮಾತಲ್ಲ. ಕೃತಘ್ನ ಎಂದವರೂ ಇದ್ದಾರು. ನನ್ನ ಲೆಕ್ಕದಲ್ಲಿ ಅವರ ಊಟಿಯ ಬೆಳದಿಂಗಳಿಗಿಂತ ಇದು ದೊಡ್ಡ ಕೆಲಸ.

ಯಾಕೆಂದರೆ ಕೈಕೆಲಸದ ಕಿಮ್ಮತ್ತು ಕಟ್ಟುವುದು ಹೇಗೆ ಎಂಬ ಪ್ರಶ್ನೆ ಇವತ್ತಿಗೂ ಹರಿದಿಲ್ಲ. ಅಂಗಡಿಕಾರರಿಗೆ ಹೇಳಬೇಕಾಗಿಲ್ಲ, ಸಾಮಾನಿಗೆ ಖರೀದಿ ಇದೆ, ಸಾಗಾಣಿಕೆ ಇದೆ, ಮೇಲೆ ಲಾಭ ಇಟ್ಟರೆ ರೇಟು ಆಯಿತು. ಗೊಂಬೆಗೆ? ಕಟ್ಟಿಗೆ ಕೆಜಿ ಲೆಕ್ಕ, ಬಣ್ಣ ಡಬ್ಬಿ ಲೆಕ್ಕ, ಹುಣಸೆಬೀಜ ಸೇರಿನ ಲೆಕ್ಕ. ಕಣ್ಣು ಬರೆದದ್ದಕ್ಕೆ ಯಾವ ಲೆಕ್ಕ? ನಮ್ಮ ಬಸ್‌ಸ್ಟ್ಯಾಂಡಿನ ಸುತ್ತ ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಚದರ ಅಡಿಗೆ ಇಷ್ಟು ಎಂದು ತೊಗೊಳ್ತಿದ್ದರು. ಅಕ್ಷರ ಚೆಂದ ಬಂದರೂ ಅಷ್ಟೇ, ಸೊಟ್ಟ ಬಂದರೂ ಅಷ್ಟೇ. ಫ್ಲೆಕ್ಸ್ ಮಿಷನ್ ಬಂದ ಮೇಲೆ ಆ ಚದರ ಅಡಿಯೂ ಹೋಯಿತು. ಅವರಲ್ಲಿ ಮನೆಗಳಿಗೆ ಸುಣ್ಣ ಡಿಸ್ಟೆಂಪರ್ ಹೊಡೆಯಲು ಹೋದವರೇ ಹೆಚ್ಚು.

ವೆಂಕಟಪ್ಪನವರ ಪಟ್ಟು ಬೇರೆ. ತಮ್ಮ ಚಿತ್ರಗಳನ್ನು ಮಾರಲಿಕ್ಕೇ ಮನಸ್ಸು ಮಾಡುತ್ತಿರಲಿಲ್ಲ. ಗಿರಾಕಿ ಮುಂದೆ ಹಲ್ಲು ಗಿಂಜುವ ಸ್ವಭಾವವೇ ಅಲ್ಲ. ದಿನಚರಿ ಬರೆದಿಡುವ ಶಿಸ್ತಿನ ಮನುಷ್ಯ. ಮೈಸೂರು ಬಿಟ್ಟು ಬೆಂಗಳೂರಿಗೆ ಬಂದು ಒಂಟಿಯಾಗಿಯೇ ಬಾಳಿದರು. 1962ರಲ್ಲಿ ಕೇಂದ್ರ ಲಲಿತ ಕಲಾ ಅಕಾಡೆಮಿ ಫೆಲೋಶಿಪ್ ಕೊಟ್ಟು ಗೌರವಿಸಿತು. ವಯಸ್ಸು ಆಗಲೇ ಎಪ್ಪತ್ತೈದು ದಾಟಿತ್ತು. 1965ರಲ್ಲಿ ತೀರಿಕೊಂಡರು.

ಇನ್ನೊಂದು ಲೆಕ್ಕವೂ ಇದೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆ ಕೆಳಗೆ ದೇಶದ ಒಂಬತ್ತು ಕಲಾವಿದರ ಕೃತಿಗಳನ್ನು ರಾಷ್ಟ್ರದ ಸೊತ್ತಿನಂತೆ ಪರಿಗಣಿಸಿದ್ದಾರೆ. ಅವನ್ನು ದೇಶದ ಹೊರಗೆ ಸಾಗಿಸಲು ಬರುವುದಿಲ್ಲ. ಆ ಪಟ್ಟಿಯಲ್ಲಿ ರವಿವರ್ಮ ಇದ್ದಾರೆ, ಗುರು ಅವನೀಂದ್ರನಾಥರು ಇದ್ದಾರೆ, ಪಕ್ಕದ ಮಣೆಯ ನಂದಲಾಲರು ಇದ್ದಾರೆ. ವೆಂಕಟಪ್ಪ ಇಲ್ಲ. ಕನ್ನಡದವರು ಒಬ್ಬರೂ ಇಲ್ಲ. ಇದನ್ನು ಯಾವ ಎಂಪಿ ಸಾಹೇಬರಾದರೂ ದಿಲ್ಲಿಯಲ್ಲಿ ಕೇಳಿದರೆ ನಷ್ಟ ಏನೂ ಆಗಲಿಕ್ಕಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರಕಾರಿ ಮ್ಯೂಸಿಯಮ್ಮಿಗೆ ಹೊಂದಿಕೊಂಡು ವೆಂಕಟಪ್ಪ ಚಿತ್ರಶಾಲೆ ಇದೆ. 1970ರ ದಶಕದಲ್ಲಿ ತೆರೆದದ್ದು. ಅವರ ಜಲವರ್ಣ, ಉಬ್ಬುಶಿಲ್ಪಗಳ ನೆಲೆ ಅದೇ. ಹೊಸ ಕಲಾವಿದರು ಸರಕಾರದ ಸಣ್ಣ ಬಾಡಿಗೆಗೆ ತಮ್ಮ ಚಿತ್ರ ಹಚ್ಚಿ ತೋರಿಸುವ ಜಾಗವೂ ಅದೇ ಆಗಿತ್ತು. 2015-16ರಲ್ಲಿ ಚಿತ್ರಶಾಲೆಯನ್ನು ಖಾಸಗಿ ಸಂಸ್ಥೆಯೊಂದರ ಜೊತೆ ಸೇರಿ ನಡೆಸುವ ಒಪ್ಪಂದವಾಯಿತು. ಸುದ್ದಿ ಕೇಳಿ ಕಲಾವಿದರು ಬೀದಿಗೆ ಇಳಿದರು. ಹಾಡು, ಚಿತ್ರ, ಮೆರವಣಿಗೆ ಎಲ್ಲ ಆಯಿತು. ಸರಕಾರ ಹಿಂದೆ ಸರಿಯಿತು. ಸತ್ತು ಐವತ್ತು ವರ್ಷವಾದ ಮೇಲೂ ವೆಂಕಟಪ್ಪನವರ ಹೆಸರಿನಲ್ಲಿ ಒಂದು ತಕರಾರು ನಡೆದೇ ಇತ್ತು ಎನ್ನಿ.

ಅತ್ತ ಅದು. ಇತ್ತ ನಮ್ಮ ಕಡೆ?

ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿ ಮೊನ್ನೆ ಮೊನ್ನೆವರೆಗೂ ನಮ್ಮ ಯಲಬುರ್ಗಾ ತಾಲೂಕೇ. 1112ರಲ್ಲಿ ಅಲ್ಲಿ ಮಹಾದೇವ ಗುಡಿ ಎದ್ದಿತು, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಕಟ್ಟಿಸಿದ ದಂಡನಾಯಕ ಮಹಾದೇವನ ಹೆಸರು ಬಸ್ಸಿನ ಕಂಡಕ್ಟರಿಗೂ ಗೊತ್ತು. ಬಾಗಿಲವಾಡದ ಬಳ್ಳಿ ಕೆತ್ತಿದವನ ಹೆಸರು ಕೇಳಿ ನೋಡಿ. ಕೊಪ್ಪಳ ತಾಲೂಕು ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಜೀವಮಾನವೆಲ್ಲ ತೊಗಲುಗೊಂಬೆ ಆಡಿಸಿದರು. ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ತೊಂಬತ್ತು ದಾಟಿದ ಮೇಲೆ. ಬಂತಲ್ಲ ಎಂದು ಸಂತೋಷಪಡಬೇಕು, ಇಷ್ಟು ತಡವೇ ಎಂದು ಕೇಳಲೂ ಬೇಕು.

ಕಿನ್ನಾಳದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ. ಅಂದರೆ ಬೇರೆ ಊರಿನವರು ಮಾಡಿ ಕಿನ್ನಾಳದ್ದು ಎಂದು ಹೆಸರು ಹಚ್ಚಿ ಮಾರುವಂತಿಲ್ಲ. ಸರಕಾರದ ಕಾವೇರಿ ಮಳಿಗೆಗಳಲ್ಲಿ ಗೊಂಬೆ ಮಾರಾಟಕ್ಕೆ ಇರುತ್ತವೆ. ಇದೆಲ್ಲ ಸರಿ. ಆದರೆ ಜಿಐ ಕಾಪಾಡುವುದು ಊರಿನ ಹೆಸರನ್ನು. ಗೊಂಬೆಯ ಅಡಿಯಲ್ಲಿ ಮಾಡಿದವನ ಹೆಸರು ಬರೆಯುವುದು ಇನ್ನೂ ರೂಢಿಯಾಗಿಲ್ಲ. ವೆಂಕಟಪ್ಪ ತಮ್ಮ ಹೆಸರಿನಿಂದ ಕಲಾವಿದ ಆದರು, ಅದೇ ವಿದ್ಯೆಯ ಕಿನ್ನಾಳದವರು ಊರಿನ ಹೆಸರಿನಿಂದ ಕುಶಲಕರ್ಮಿ ಆಗಿ ಉಳಿದರು. ನಡುವೆ ಇರುವುದು ಒಂದು ಸ್ಕಾಲರ್‌ಶಿಪ್ಪು, ಕಲ್ಕತ್ತೆಗೆ ಒಂದು ರೈಲು ಟಿಕೆಟು, ಮತ್ತೆ ಕೋರ್ಟಿಗೆ ಹೋಗುವ ಎದೆಗಾರಿಕೆ. ಕುಟುಂಬಗಳು ಕಡಿಮೆಯಾಗಿವೆ. ಹುಡುಗರು ಓದಿ ನೌಕರಿ ಹಿಡಿಯುತ್ತಿದ್ದಾರೆ, ಹಿಡಿಯಲಿ, ಬ್ಯಾಡ ಅನ್ನಲಿಕ್ಕೆ ನಾವ್ಯಾರು? ಗರುಡನ ಮೂಗು ಕೆತ್ತಲು ಒಬ್ಬ ಹುಡುಗ ಕೂತರೆ ಅವನಿಗೆ ಬ್ಯಾಂಕಿನ ಗುಮಾಸ್ತನ ಸಂಬಳದಷ್ಟಾದರೂ ಬರಬೇಕು, ಇಲ್ಲದಿದ್ದರೆ ಯಾಕೆ ಕೂಡುತ್ತಾನೆ?

ಗೊಂಬೆ ಬೇಕಾದವರು ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಕಿನ್ನಾಳದ ಬಸ್ಸು ಹತ್ತಿ. ಚಿತ್ರಗಾರರ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಹೇಳಿದ ರೇಟಿಗೆ ಅರ್ಧ ಕೇಳುವ ನಮ್ಮ ಸಂತೆಯ ಚಾಳಿ ಅಲ್ಲಿ ಬ್ಯಾಡ. ತೊಗೊಂಡ ಗೊಂಬೆಯ ಅಡಿಗೆ ಮಾಡಿದವರ ಹೆಸರು, ಇಸವಿ ಬರೆಸಿಕೊಂಡು ಬನ್ನಿ. ಅದಕ್ಕೇನು ಹೆಚ್ಚಿನ ರೊಕ್ಕ ಬೀಳುವುದಿಲ್ಲ.